ಮನೆಯೊಳಗಿನ ರೈಲು: ಕಟ್ಟುವುದಕ್ಕಿಂತ ನಡೆಸುವುದು ಮಿಗಿಲು

ನರಗುಂದಕ್ಕೆ ಗುಡ್ಡವುಂಟು, ಗಜೇಂದ್ರಗಡಕ್ಕೆ ಕೋಟೆಯುಂಟು, ರೋಣಕ್ಕೆ ಪುರಾತನ ದೇವಾಲಯಗಳ ಸಂಪತ್ತುಂಟು. ಈ ಮೂರೂ ಊರುಗಳಿಗೆ ಇಲ್ಲದಿರುವುದೆಂದರೆ ರೇಲ್ವೆ ನಿಲ್ದಾಣ. ಇಲ್ಲಿಯ ವಿದ್ಯಾರ್ಥಿಯು ರೈಲನ್ನು ಕಾಣಬೇಕಾದರೆ ಬಸ್ಸು ಹಿಡಿದು ಗದಗಿಗೋ ಹೊಳೆ ಆಲೂರಿಗೋ ಹೋಗಬೇಕು. ಇಂಥ ಊರುಗಳ ಮನೆಗಳಲ್ಲಿ ಒಂದು ಹಲಗೆಯ ಮೇಲೆ ಪುಟ್ಟ ಹಳಿಗಳನ್ನು ಜೋಡಿಸಿ ಮಾದರಿ ರೈಲನ್ನು ಓಡಿಸಬೇಕೆಂಬ ವಿಚಾರವನ್ನು ಯಾರಾದರೂ ಎತ್ತಿದರೆ, ಅದು ಸಿರಿವಂತರ ಮಕ್ಕಳ ಆಟವೆಂದು ತಳ್ಳಿಹಾಕುವವರೇ ಹೆಚ್ಚು. ಈ ತಿರಸ್ಕಾರವು ಯೋಗ್ಯವಾದುದೇ ಎಂಬುದನ್ನು ಶಿಕ್ಷಕರೂ ಪಾಲಕರೂ ದಾನಿಗಳೂ ಸಾವಧಾನದಿಂದ ವಿಚಾರಿಸಬೇಕಾಗಿದೆ.

ಈ ನಾಡಿಗೆ ರೈಲು ಬಂದುದು ವಿನೋದಕ್ಕಾಗಿ ಅಲ್ಲ. 1876-78ರ ಮಹಾಕ್ಷಾಮದಲ್ಲಿ ಬಯಲುಸೀಮೆಯು ಅನ್ನವಿಲ್ಲದೆ ತತ್ತರಿಸಿತು. ಒಂದು ಪ್ರಾಂತದಲ್ಲಿದ್ದ ಕಾಳನ್ನು ಇನ್ನೊಂದು ಪ್ರಾಂತಕ್ಕೆ ಬೇಗನೆ ಮುಟ್ಟಿಸುವ ಸಾಧನವಿಲ್ಲದೆ ಅಸಂಖ್ಯ ಜನರು ಪ್ರಾಣ ಕಳೆದುಕೊಂಡರು. ಆ ಅನುಭವದ ಫಲವಾಗಿ, ಕ್ಷಾಮ ನಿವಾರಣೆಯ ಮಾರ್ಗವೆಂದು, 1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೇಲ್ವೆ ಕಂಪನಿಯು ಹೊಟಗಿ-ಗದಗ ಮೀಟರ್ ಗೇಜ್ ಮಾರ್ಗವನ್ನು ಹಾಕಿತು. 1884ರಲ್ಲಿ ಅದು ಸಂಚಾರಕ್ಕೆ ತೆರೆಯಿತು. 1908ರಲ್ಲಿ ಆ ಕಂಪನಿಯು ಮದ್ರಾಸ್ ರೇಲ್ವೆಯೊಡನೆ ಕೂಡಿ ಮದ್ರಾಸ್ ಮತ್ತು ಸದರ್ನ್ ಮರಾಠಾ ರೇಲ್ವೆ ಎನಿಸಿತು. ಗದಗಿನಿಂದ ಬಡಗಣಕ್ಕೆ ಸಾಗಿ, ರೋಣ ತಾಲೂಕಿನ ಹೊಳೆ ಆಲೂರನ್ನು ಮುಟ್ಟಿ, ಮಲಪ್ರಭೆಯನ್ನು ದಾಟಿ ಬಾದಾಮಿಯತ್ತ ಹೋಗುವ ಹಾದಿ ಇದೇ. ಈ ಶತಮಾನದ ಮೊದಲ ದಶಕದಲ್ಲಿ ಅದು ಬ್ರಾಡ್ ಗೇಜಾಯಿತು. ಇತ್ತೀಚಿನ ವರ್ಷಗಳಲ್ಲಿ ಜೋಡಿ ಹಳಿಯೂ ವಿದ್ಯುತ್ ತಂತಿಯೂ ಬಂದವು. ಗಜೇಂದ್ರಗಡದ ಮೂಡಲಿಗಿರುವ ಕುಷ್ಟಗಿಗೆ 2025ರ ಮೇ ತಿಂಗಳಲ್ಲಿ ಹೊಸ ಮಾರ್ಗದಿಂದ ರೈಲು ಬಂದಿತು. ಹೀಗೆ ಸುತ್ತಮುತ್ತ ರೈಲಿನ ಸದ್ದು ಕೇಳುತ್ತಿದ್ದರೂ ಅದರ ವ್ಯವಹಾರವು ಈ ಮೂರು ಊರುಗಳ ಮಕ್ಕಳಿಗೆ ದೂರದ ಮಾತಾಗಿಯೇ ಉಳಿದಿದೆ.

ಮಾದರಿ ರೈಲಿನ ಹವ್ಯಾಸವು ಪಶ್ಚಿಮ ದೇಶಗಳಲ್ಲಿ ಹುಟ್ಟಿದುದು ನಿಜ. ಜರ್ಮನಿಯ ಮಾರ್ಕ್ಲಿನ್ ಸಂಸ್ಥೆಯು 1891ರಲ್ಲಿ ಲೈಪ್‌ಜಿಗ್ ಜಾತ್ರೆಯಲ್ಲಿ, ನಿಶ್ಚಿತ ಅಳತೆಯ ಹಳಿಗಳ ಮೇಲೆ ಕೀಲಿ ಕೊಟ್ಟರೆ ಓಡುವ ರೈಲನ್ನು ಪ್ರದರ್ಶಿಸಿತು. ಅಳತೆ ನಿಶ್ಚಿತವಾದುದರಿಂದ ಇಂದು ಕೊಂಡ ಹಳಿಗೆ ನಾಳೆ ಕೊಂಡ ಹಳಿಯನ್ನು ಜೋಡಿಸಿ ಮಾರ್ಗವನ್ನು ಬೆಳೆಸುವುದು ಸಾಧ್ಯವಾಯಿತು. ಮೆಕ್ಯಾನೋ ಜೋಡಣೆಯ ಆಟಿಕೆಯನ್ನು ಕಂಡುಹಿಡಿದ ಇಂಗ್ಲೆಂಡಿನ ಫ್ರಾಂಕ್ ಹಾರ್ನ್‌ಬಿ 1920ರಲ್ಲಿ ತನ್ನ ಹೆಸರಿನ ರೈಲುಗಳನ್ನು ಹೊರತಂದನು. ಭಾರತದಲ್ಲಿಯೂ ಈ ವಿದ್ಯೆಗೆ ದುಡಿದವರಿಲ್ಲದಿಲ್ಲ. ಪುಣೆಯ ಭಾವುಸಾಹೇಬ ಜೋಶಿಯವರು ಬಾಳಿನುದ್ದಕ್ಕೂ ಬೆಳೆಸಿದ ಮಾದರಿಯು 1998ರಲ್ಲಿ ಕೋಥರೂಡಿನಲ್ಲಿ ಪುಟ್ಟ ರೈಲುಗಳ ವಸ್ತುಸಂಗ್ರಹಾಲಯವಾಗಿ ಸಾರ್ವಜನಿಕರಿಗೆ ತೆರೆಯಿತು. ಒಂದು ಮನೆತನದ ಆಸಕ್ತಿಯು ಒಂದು ನಗರದ ಶಿಕ್ಷಣ ಸಾಧನವಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಇನ್ನು ಕಟ್ಟುವ ವಿಧಾನ. ಇದರ ಮೊದಲ ಮೆಟ್ಟಿಲು ಗಣಿತ. ಹೆಚ್ಚು ಬಳಕೆಯಲ್ಲಿರುವ ಎಚ್.ಓ. ಅಳತೆಯಲ್ಲಿ ಎಲ್ಲವೂ ನಿಜದ 87ನೆಯ ಒಂದು ಪಾಲು. ಸುಮಾರು 21.3 ಮೀಟರ್ ಉದ್ದದ ಐ.ಸಿ.ಎಫ್. ಡಬ್ಬಿಯು ಇಲ್ಲಿ ಇಪ್ಪತ್ತನಾಲ್ಕೂವರೆ ಸೆಂಟಿಮೀಟರ್ ಆಗುತ್ತದೆ. ಒಂದು ಕಿಲೋಮೀಟರ್ ದಾರಿಗೆ ಹನ್ನೊಂದೂವರೆ ಮೀಟರ್ ಹಳಿ ಬೇಕು. ಅಂದಮೇಲೆ ಹತ್ತು ಕಿಲೋಮೀಟರನ್ನು ಯಥಾವತ್ತಾಗಿ ಹಾಕಬೇಕೆಂದರೆ ಯಾವ ವಾಡೆಯೂ ಸಾಲದು. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕವು ಇಲ್ಲಿಂದಲೇ ಆರಂಭವಾಗುತ್ತದೆ. ಎಚ್.ಓ. ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್, ಅದು 1435 ಮಿಲಿಮೀಟರಿನ ವಿದೇಶೀ ಮಾರ್ಗಕ್ಕೆ ತಕ್ಕುದು. ಭಾರತದ ಬ್ರಾಡ್ ಗೇಜು 1676 ಮಿಲಿಮೀಟರ್, ಹಳೆಯ ಹೊಟಗಿ-ಗದಗ ಮಾರ್ಗದ್ದು 1000 ಮಿಲಿಮೀಟರ್. ಇವಕ್ಕೆ ಸರಿಯಾದ ಪುಟ್ಟ ಅಂತರವೆಷ್ಟೆಂದು ಲೆಕ್ಕ ಹಾಕುವ ಬಾಲಕನು ಪ್ರಮಾಣವೆಂಬ ಪಾಠವನ್ನು ಮರೆಯಲಾರನು.

ಮನೆಯಲ್ಲಿ ಜಾಗವಿಲ್ಲವೆಂಬುದು ಸಾಮಾನ್ಯವಾಗಿ ಕೇಳಿಬರುವ ಆಕ್ಷೇಪ. ಆದರೆ ಪಡಸಾಲೆಯ ಗೋಡೆಗುಂಟ ಎಂಟು ಅಡಿ ಉದ್ದ, ಒಂದೂವರೆ ಅಡಿ ಅಗಲದ ಹಲಗೆಯೊಂದು ಸಾಕು. ಅದರ ಮೇಲೆ ಹೊಳೆ ಆಲೂರಿನಂಥ ಒಂದೇ ನಿಲ್ದಾಣ: ಮುಖ್ಯ ಹಳಿ, ಎದುರು ಬದುರು ಬಂದ ಗಾಡಿಗಳು ಒಂದನ್ನೊಂದು ದಾಟಲು ಇನ್ನೊಂದು ಹಳಿ, ಹತ್ತಿಯ ಅಂಡಿಗೆಗಳನ್ನು ಹೇರುವ ಮಾಲಗಾಡಿಗೆ ಒಂದು ಗಿಡ್ಡ ಹಳಿ. ಹಲಗೆಯ ಎರಡು ತುದಿಗಳಿಗೆ ಚಿಕ್ಕ ಮಣೆಗಳನ್ನು ಕೂಡಿಸಿ ಒಂದಕ್ಕೆ ಗದಗ, ಇನ್ನೊಂದಕ್ಕೆ ಬಾದಾಮಿ ಎಂದು ಹೆಸರಿಟ್ಟರೆ ದಾರಿ ಪೂರ್ಣವಾಯಿತು. ಎಂಜಿನ್ನು, ಹಳಿ, ಪಾಯಿಂಟು ಇಷ್ಟನ್ನು ಮಾತ್ರ ಕೊಳ್ಳಬೇಕಾದೀತು. ಉಳಿದುದಕ್ಕೆ ಈ ಸೀಮೆಯಲ್ಲಿ ಬಡತನವಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣಿನ ಎತ್ತು ಮಾಡುವ, ಜೋಳದ ದಂಟಿನಿಂದ ಬಂಡಿ ಕಟ್ಟುವ ಕೈಗಳಿಗೆ ನಿಲ್ದಾಣದ ಕಟ್ಟಡವೊಂದು ದೊಡ್ಡದಲ್ಲ. ನೆರೆಯ ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರ ಮರ, ಹುಣಿಸೆ ಬೀಜದ ಅಂಟು ಇವುಗಳಿಂದ ಗೊಂಬೆಗಳಿಗೆ ರೂಪ ಕೊಡುತ್ತ ಬಂದಿದ್ದಾರೆ. ಅದೇ ಅಂಟಿನಲ್ಲಿ ಕಟ್ಟಿಗೆಯ ಹೊಟ್ಟನ್ನೂ ರದ್ದಿ ಕಾಗದವನ್ನೂ ಕಲಸಿದರೆ ಗಜೇಂದ್ರಗಡದ ಗುಡ್ಡವೇ ಏಳುತ್ತದೆ.

ವಿದ್ಯುತ್ತಿನ ಪಾಠವೂ ಇಲ್ಲಿ ಅಡಗಿದೆ. ಸಾದಾ ಮಾದರಿಗಳು 12 ವೋಲ್ಟಿನ ಡಿ.ಸಿ. ವಿದ್ಯುತ್ತಿನಿಂದ ಓಡುವವು. ಒಂದು ಹಳಿಯಿಂದ ಗಾಲಿಯ ಮೂಲಕ ಮೋಟಾರಿಗೆ ಏರಿದ ಪ್ರವಾಹವು ಇನ್ನೊಂದು ಹಳಿಯಿಂದ ಮರಳುತ್ತದೆ. ತಂತಿಗಳನ್ನು ಅದಲುಬದಲು ಮಾಡಿದರೆ ಗಾಡಿ ಹಿಂದಕ್ಕೆ ಓಡುತ್ತದೆ. ಹಳಿಯನ್ನು ಸುತ್ತಿಸಿ ತಂದು ಅದೇ ಹಳಿಗೆ ಕೂಡಿಸಿದರೆ ಎಡದ ಕಂಬಿಯು ಬಲದ ಕಂಬಿಯನ್ನು ಮುಟ್ಟಿ ಶಾರ್ಟ್ ಸರ್ಕೀಟು ಆಗುತ್ತದೆ. ಅದನ್ನು ತಪ್ಪಿಸುವ ಬಗೆಯೇನೆಂದು ಚಿಂತಿಸಿದ ವಿದ್ಯಾರ್ಥಿಗೆ ಭೌತಶಾಸ್ತ್ರದ ಪುಸ್ತಕವು ಶುಷ್ಕವೆನಿಸದು. ಈ ಎರೆಭೂಮಿಯ ನುಣುಪು ಧೂಳು ಮಾದರಿ ರೈಲಿನ ಪರಮ ವೈರಿ. ಹಳಿಯ ಮೇಲೆ ಅದು ಕುಳಿತರೆ ಪ್ರವಾಹ ಕಡಿದು ಎಂಜಿನ್ನು ತಟಸ್ಥವಾಗುತ್ತದೆ. ದಿನವೂ ಹಳಿ ಒರೆಸುವುದು, ಗಾಲಿ ತಿಕ್ಕುವುದು, ಸಡಿಲಾದ ತಂತಿಯನ್ನು ಹುಡುಕಿ ಬೆಸೆಯುವುದು, ಇದೆಲ್ಲ ಬೇಸರದ ಕೆಲಸ. ಆದರೆ ದೋಷ ಎಲ್ಲಿದೆಯೆಂದು ಒಂದೊಂದೇ ಸಂಶಯವನ್ನು ಪರಿಹರಿಸುತ್ತ ಹೋಗುವ ತಾಳ್ಮೆಯು ಈ ಬೇಸರದ ಕೆಲಸದಿಂದಲೇ ಬರುತ್ತದೆ.

ಇಷ್ಟಾದರೂ ಇದು ಅರ್ಧ ದಾರಿ. ಬಹುಪಾಲು ಮನೆಗಳಲ್ಲಿ ಈ ಹವ್ಯಾಸವು ಸೊರಗುವುದು ಇಲ್ಲಿಯೇ. ರೈಲು ಸುತ್ತು ಹಾಕುತ್ತದೆ, ನೋಡಿದವರು ಚಪ್ಪಾಳೆ ತಟ್ಟುತ್ತಾರೆ, ಎಂಟು ದಿನಗಳಲ್ಲಿ ಕೌತುಕವು ತೀರುತ್ತದೆ, ಎಂಜಿನ್ನು ಕಪಾಟು ಸೇರುತ್ತದೆ. ಕಟ್ಟಿದವರು ಅದನ್ನು ನಡೆಸಲು ಕಲಿಯದಿರುವುದೇ ಇದರ ಕಾರಣ. ರೈಲಿನ ಅಂತಃಸತ್ವವು ವೇಗದಲ್ಲಿಲ್ಲ. ಗಂಟೆಗೆ 60 ಕಿಲೋಮೀಟರ್ ವೇಗವನ್ನು ಎಚ್.ಓ. ಅಳತೆಗೆ ಇಳಿಸಿದರೆ ಸೆಕೆಂಡಿಗೆ ಹತ್ತೊಂಬತ್ತು ಸೆಂಟಿಮೀಟರ್ ಮಾತ್ರ. ಎಂಟು ಅಡಿಯ ಹಲಗೆಯನ್ನು ಹದಿಮೂರು ಸೆಕೆಂಡಿನೊಳಗೆ ದಾಟಿ ಮುಗಿಯಿತು. ರೈಲಿನ ಅಂತಃಸತ್ವವಿರುವುದು ಒಪ್ಪಂದದಲ್ಲಿ: ಯಾರು ಮೊದಲು ಹೋಗಬೇಕು, ಯಾರು ಕಾಯಬೇಕು, ಯಾರ ಮಾತಿನ ಮೇಲೆ ಹೊರಡಬೇಕು ಎಂಬ ನಿರ್ಣಯದಲ್ಲಿ.

ಭಾರತದ ಒಂಟಿ ಹಳಿಯ ಮಾರ್ಗಗಳಲ್ಲಿ ದೀರ್ಘಕಾಲ ನಡೆದುಬಂದ ಟೋಕನ್ ಪದ್ಧತಿಯನ್ನು ಇಲ್ಲಿ ನೆನೆಯಬೇಕು. ಎರಡು ನಿಲ್ದಾಣಗಳಲ್ಲಿಯ ಯಂತ್ರಗಳು ತಂತಿಯ ಮೂಲಕ ಒಂದಕ್ಕೊಂದು ಬಿಗಿದುಕೊಂಡಿರುತ್ತಿದ್ದವು. ಮುಂದಿನ ನಿಲ್ದಾಣದ ಮಾಸ್ತರರು ಒಪ್ಪಿಗೆ ಕೊಟ್ಟ ಹೊರತು ಈ ನಿಲ್ದಾಣದ ಯಂತ್ರದಿಂದ ಲೋಹದ ಚೆಂಡು ಹೊರಬರುತ್ತಿರಲಿಲ್ಲ. ಒಂದು ಚೆಂಡು ಹೊರಬಿದ್ದರೆ ಅದು ಮರಳಿ ಯಂತ್ರ ಸೇರುವ ತನಕ ಇನ್ನೊಂದು ಬರುತ್ತಿರಲಿಲ್ಲ. ಬೆತ್ತದ ಬಳೆಗೆ ಕಟ್ಟಿದ ಚೀಲದಲ್ಲಿ ಆ ಚೆಂಡನ್ನು ಪಡೆದ ಚಾಲಕನೊಬ್ಬನಿಗೇ ಆ ದಾರಿಯ ಮೇಲೆ ಅಧಿಕಾರ. ಮೇಲ್ ಗಾಡಿಯಿರಲಿ, ಮಾಲಗಾಡಿಯಿರಲಿ, ಅದರೊಳಗೆ ಸಾಹುಕಾರನಿರಲಿ, ಕೂಲಿಯಿರಲಿ, ನಿಯಮ ಒಂದೇ. ಸಾವಿರಾರು ಜೀವಗಳ ಕ್ಷೇಮವು ಈ ಒಂದು ಚೆಂಡಿನ ಮರ್ಯಾದೆಯ ಮೇಲೆ ನಿಂತಿತ್ತು.

ಇದನ್ನೇ ಮನೆಯ ಹಲಗೆಯ ಮೇಲೆ ನಡೆಸಬಹುದು. ಟೋಕನ್ನಿಗೆ ಒಂದು ಗೋಲಿ ಸಾಕು. ಅಕ್ಕ ಗದಗಿನ ಮಾಸ್ತರಳು, ತಮ್ಮ ಹೊಳೆ ಆಲೂರಿನ ಮಾಸ್ತರ, ನೆರೆಮನೆಯ ಗೆಳೆಯ ಚಾಲಕ, ಅಜ್ಜನೇ ವೇಳಾಪತ್ರಿಕೆಯನ್ನು ಹಿಡಿದ ಕಂಟ್ರೋಲರ್. ನಿಜದ ಒಂದು ನಿಮಿಷವನ್ನು ಮಾದರಿಯ ಆರು ನಿಮಿಷವೆಂದು ಎಣಿಸಿದರೆ ಇಡೀ ಒಂದು ದಿನದ ಸಂಚಾರವು ನಾಲ್ಕು ತಾಸಿನಲ್ಲಿ ಮುಗಿಯುತ್ತದೆ. ಬಾದಾಮಿಯ ಗಾಡಿ ತಡವಾದರೆ ಗದಗಿನ ಗಾಡಿಯನ್ನು ಎಲ್ಲಿ ನಿಲ್ಲಿಸಬೇಕು? ಮಾಲಗಾಡಿಯನ್ನು ಯಾವಾಗ ಬದಿಯ ಹಳಿಗೆ ಸರಿಸಬೇಕು? ಗೋಲಿಯಿಲ್ಲದೆ ಗಾಡಿಯನ್ನು ಬಿಟ್ಟ ಬಾಲಕನಿಗೆ ಯಾರೂ ಉಪದೇಶ ಮಾಡಬೇಕಾಗಿಲ್ಲ. ಎದುರಿನ ಗಾಡಿಯೇ ಬಂದು ಪಾಠ ಹೇಳುತ್ತದೆ. ಕಾಯುವವನು ಸಣ್ಣವನಲ್ಲ, ಮುಂದೆ ಹೋಗುವವನು ದೊಡ್ಡವನಲ್ಲ ಎಂಬ ತಿಳಿವಳಿಕೆಯು ಇಂಥ ಆಟದಿಂದ ಬೇರೂರಿದರೆ, ನಾಗರಿಕ ಜೀವನಕ್ಕೆ ಅದಕ್ಕಿಂತ ಉತ್ತಮ ಸಿದ್ಧತೆ ಯಾವುದು?

ಈ ಶಿಸ್ತಿನ ಫಲವು ರೈಲಿಗಷ್ಟೇ ಸೀಮಿತವಲ್ಲ. ಅಮೇರಿಕೆಯ ಪ್ರಸಿದ್ಧ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ 1946ರಲ್ಲಿ ಮಾದರಿ ರೈಲಿನ ಕ್ಲಬ್ಬೊಂದು ಆರಂಭವಾಯಿತು. ಅಲ್ಲಿಯ ಕೆಲವು ವಿದ್ಯಾರ್ಥಿಗಳಿಗೆ ಮೇಜಿನ ಮೇಲಿನ ಹಳಿಗಿಂತ ಅದರ ಕೆಳಗಿದ್ದ ತಂತಿ, ಸ್ವಿಚ್ಚು, ರಿಲೇಗಳ ಜಾಲವೇ ಹೆಚ್ಚು ಪ್ರಿಯವಾಯಿತು. ಗಾಡಿಗಳನ್ನು ನಿಯಂತ್ರಿಸುವ ಆ ಜಾಲವನ್ನು ಕಟ್ಟುತ್ತ ಬೆಳೆದವರಲ್ಲಿ ಹಲವರು ಆ ಸಂಸ್ಥೆಯ ಮೊದಮೊದಲ ಗಣಕಯಂತ್ರಗಳಿಗೆ ಕ್ರಮವಿಧಿಗಳನ್ನು ಬರೆದರು.

ಖರ್ಚಿನ ಆಕ್ಷೇಪವನ್ನು ಹಗುರವಾಗಿ ಕಾಣಲಾಗದು. ವಿದೇಶೀ ಎಂಜಿನ್ನುಗಳ ಬೆಲೆಯು ಸಾಮಾನ್ಯ ಸಂಸಾರಕ್ಕೆ ಎಟುಕುವಂಥದಲ್ಲ. ಅಂತೆಯೇ ಒಂದೊಂದು ಮನೆಯೂ ಎಲ್ಲವನ್ನೂ ಕೊಳ್ಳುವ ಬದಲು ನಾಲ್ಕು ಮನೆಗಳು ಕೂಡಿ ಒಂದು ಎಂಜಿನ್ನನ್ನೂ, ತಲೆಗೊಂದು ಹಲಗೆಯನ್ನೂ ಮಾಡಿಕೊಳ್ಳುವುದು ಜಾಣತನ. ಹಲಗೆಗಳ ತುದಿಗಳಲ್ಲಿ ಹಳಿಯ ಎತ್ತರವೂ ಸ್ಥಾನವೂ ಒಂದೇ ಇದ್ದರೆ ನಾಲ್ಕು ಮನೆಗಳ ನಾಲ್ಕು ನಿಲ್ದಾಣಗಳನ್ನು ರಜೆಯ ದಿನ ಒಂದೆಡೆ ಜೋಡಿಸಬಹುದು. ಮೊಬೈಲಿನಲ್ಲಿ ಪುಕ್ಕಟೆಯಾಗಿ ರೈಲಾಟ ಸಿಗುತ್ತಿರುವಾಗ ಇದೇಕೆ ಎಂಬುದು ಇನ್ನೊಂದು ಪ್ರಶ್ನೆ. ಆ ಆಟದಲ್ಲಿ ಧೂಳು ಬೀಳುವುದಿಲ್ಲ, ತಂತಿ ಕಡಿಯುವುದಿಲ್ಲ. ಬೆಸುಗೆ ಹಾಕುವ ಕೈಯೂ ಅಲ್ಲಿ ಬೆಳೆಯುವುದಿಲ್ಲ.

ಶಾಲೆಯ ಹಿತಚಿಂತಕರು ಆಲೋಚಿಸಬೇಕಾದ ಸಂಗತಿ ಇಲ್ಲಿಯೇ ಇದೆ. ದಾನಿಗಳು ಔದಾರ್ಯದಿಂದ ಕೊಟ್ಟ ಎಷ್ಟೋ ಉಪಕರಣಗಳು ಗಾಜಿನ ಕಪಾಟಿನಲ್ಲಿ ಬೀಗದೊಳಗೆ ಕುಳಿತು, ಸಂದರ್ಶಕರು ಬಂದಾಗ ಮಾತ್ರ ಬೆಳಕು ಕಾಣುವುದು ಅನೇಕ ಶಾಲೆಗಳ ಅನುಭವ. ಮಕ್ಕಳು ಮುಟ್ಟಿದರೆ ಕೆಡುತ್ತದೆಂಬ ಭಯವೇ ಇದರ ಮೂಲ. ಆದರೆ ಕೆಟ್ಟುದನ್ನು ಸರಿಪಡಿಸಲು ಬಾರದ ವಿದ್ಯೆಯಿಂದ ಪ್ರಯೋಜನವೇನು? ಮಾದರಿ ರೈಲನ್ನು ಕೊಡುವವರು ಅದು ಕೆಡುವುದಕ್ಕೂ ಅನುಮತಿ ಕೊಟ್ಟೇ ಕೊಡಬೇಕು. ಬೆಲೆಬಾಳುವ ಸಿದ್ಧ ಸೆಟ್ಟೊಂದಕ್ಕಿಂತ ಒಂದು ಗಟ್ಟಿಮುಟ್ಟಾದ ಮೇಜು, ಬೆಸುಗೆಯ ಸಾಮಾನು, ಶನಿವಾರದ ಎರಡು ತಾಸಿನ ಬಿಡುವು, ಮಕ್ಕಳು ಮನೆಗೆ ಒಯ್ದು ಮರಳಿ ತರಬಹುದಾದ ಹತ್ತು ಮೊಳ ಹಳಿ, ಇವು ಹೆಚ್ಚಿನ ದಾನ.

ಹಳೆಯ ವಿದ್ಯಾರ್ಥಿಗಳಲ್ಲಿ ರೇಲ್ವೆಯಲ್ಲಿ ದುಡಿದು ನಿವೃತ್ತರಾದವರಿದ್ದರೆ ಅವರ ಪಾತ್ರವು ಇನ್ನೂ ಹಿರಿದು. ಮೈಸೂರಿನಲ್ಲಿ 1979ರಿಂದಲೂ ಹುಬ್ಬಳ್ಳಿಯಲ್ಲಿ 2020ರಿಂದಲೂ ಇರುವ ರೇಲ್ವೆ ವಸ್ತುಸಂಗ್ರಹಾಲಯಗಳು ಎಂಜಿನ್ನು, ಡಬ್ಬಿ, ಉಪಕರಣಗಳನ್ನು ಉಳಿಸಿವೆ. ಅಲ್ಲಿಗೆ ಮಕ್ಕಳನ್ನು ಕರೆದೊಯ್ಯುವುದು ಅವಶ್ಯ. ಆದರೆ ಮೀಟರ್ ಗೇಜಿನ ದಿನಗಳಲ್ಲಿ ರಾತ್ರಿ ಪಾಳಿಯ ಮಾಸ್ತರರು ಏನು ಮಾಡುತ್ತಿದ್ದರು, ಮಲಪ್ರಭೆ ತುಂಬಿ ಬಂದಾಗ ಗಾಡಿಗಳನ್ನು ಎಲ್ಲಿ ತಡೆಯುತ್ತಿದ್ದರು, ಟೋಕನ್ನಿನ ಬಳೆಯನ್ನು ಓಡುವ ಗಾಡಿಗೆ ಹೇಗೆ ಒಡ್ಡುತ್ತಿದ್ದರು ಎಂಬ ತಿಳಿವು ಅವರ ನೆನಪಿನಲ್ಲಿದೆ. ಹಲಗೆಯ ಮುಂದೆ ಕುಳಿತ ಮಕ್ಕಳು ಕೇಳುವ ಪ್ರಶ್ನೆಗಳಿಂದಲೇ ಅದು ಹೊರಬರಬೇಕು. ತಡ ಮಾಡಿದರೆ ಆ ನೆನಪುಗಳು ಆ ತಲೆಮಾರಿನೊಡನೆಯೇ ಅಳಿದುಹೋಗುವವು.

ಊರಿಗೆ ರೈಲು ತರುವುದು ಸರಕಾರದ ಕೆಲಸ. ಅದಕ್ಕೆ ಮನವಿ, ಹೋರಾಟ, ಕಾಲ ಎಲ್ಲವೂ ಬೇಕು. ರೈಲನ್ನು ನಡೆಸುವ ಬುದ್ಧಿಯನ್ನು ಮಕ್ಕಳಲ್ಲಿ ಬೆಳೆಸುವುದಕ್ಕೆ ಎಂಟು ಅಡಿಯ ಹಲಗೆ ಸಾಕು. ರೋಣ, ನರಗುಂದ, ಗಜೇಂದ್ರಗಡಗಳ ಪಡಸಾಲೆಗಳಲ್ಲಿ ಅಂಥ ಕೆಲವು ಹಲಗೆಗಳಾದರೂ ಏಳಲಿ. ಅವುಗಳ ಮೇಲಿನ ಗಾಡಿಗಳು ನಿಧಾನವಾಗಿ, ವೇಳೆಗೆ ಸರಿಯಾಗಿ, ಪರಸ್ಪರ ದಾರಿ ಬಿಟ್ಟುಕೊಡುತ್ತ ಓಡಲಿ.