ಐವತ್ತರ ನೋಟಿನ ಊರು

ಮಕ್ಕಳೇ, 50 ರೂಪಾಯಿಯ ಹೊಸ ನೋಟನ್ನು ತಿರುಗಿಸಿ ನೋಡಿ. ಹಿಂಬದಿಯಲ್ಲಿ ಒಂದು ಕಲ್ಲಿನ ರಥವಿದೆ. ಅದು ಹಂಪಿಯ ವಿಜಯವಿಟ್ಠಲ ದೇವಸ್ಥಾನದ ಅಂಗಳದಲ್ಲಿರುವ ರಥ. ನಮ್ಮ ನೆಲ್ಯಹುದಿಕೇರಿಯಿಂದ ಹೊರಟರೆ ಹಂಪಿ ಇಡೀ ಹಗಲಿನ ದಾರಿ. ಈ ರಜೆಯಲ್ಲಿ ಅಜ್ಜ ಅಜ್ಜಿಯ ಜೊತೆ ಹೋಗುವವರಿದ್ದರೆ ಇದನ್ನು ಓದಿಕೊಂಡು ಹೊರಡಿ.

ದುಬಾರೆಯ ಆನೆಗಳನ್ನು ನೋಡಿದ ನಿಮಗೆ ಅಲ್ಲಿನ ಗಜಶಾಲೆ ಇಷ್ಟವಾದೀತು. ಸಾಲಾಗಿ 11 ಕೋಣೆ, ಮೇಲೆ ಗುಮ್ಮಟಗಳು. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಪುಷ್ಕರಣಿಯಲ್ಲಿ ಕಲ್ಲುಗಳನ್ನು ಹತ್ತಿರದಿಂದ ಗಮನಿಸಿ. ಯಾವ ಕಲ್ಲು ಯಾವ ಸಾಲಿಗೆ, ಯಾವ ದಿಕ್ಕಿಗೆ ಎಂದು ಕಲ್ಲುಕುಟಿಗರು ಕೊರೆದ ಗುರುತುಗಳು ಇನ್ನೂ ಇವೆ. ವಿರೂಪಾಕ್ಷ ಗುಡಿಯ ಒಳಗೆ ಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಬೆಳಕು ಸಣ್ಣ ಕಿಂಡಿಯಿಂದ ತೂರಿ ಬರುವಾಗ ಮೇಲಿನದು ಕೆಳಗೆ, ಕೆಳಗಿನದು ಮೇಲೆ ಆಗುತ್ತದೆ, ಅಷ್ಟೆ. ಕೋಣೆ ಕತ್ತಲು ಮಾಡಿ, ಕಿಟಕಿಗೆ ದಪ್ಪ ರಟ್ಟು ಇಟ್ಟು, ಅದರಲ್ಲಿ ಸಣ್ಣ ತೂತು ಕೊರೆದರೆ ನಿಮ್ಮ ಅಂಗಳದ ಮರವೂ ಬಿಳಿ ಹಾಳೆಯ ಮೇಲೆ ತಲೆಕೆಳಗಾಗಿ ನಿಂತೀತು.

ನೆರಳಿನ ಆಟ ಬಲ್ಲ ಇನ್ನೊಂದು ಜನ ದೂರದ ಮೆಕ್ಸಿಕೋದಲ್ಲಿದ್ದರು. ಅವರೇ ಮಾಯಾ ಜನ. ಅವರ ಚಿಚೆನ್ ಇಟ್ಜಾ ಎಂಬ ಊರಿನ ಪಿರಮಿಡ್ಡಿಗೆ ನಾಲ್ಕು ಬದಿಗೂ 91 ಮೆಟ್ಟಿಲು, ತುದಿಯಲ್ಲಿ ಇನ್ನೊಂದು. ಗುಣಿಸಿ, ಕೂಡಿಸಿ ನೋಡಿ: ವರ್ಷದ ದಿನಗಳೇ ಬಂದುವಲ್ಲ! ಹಗಲು ಇರುಳು ಸಮನಾಗುವ ಮಾರ್ಚ್ ಮತ್ತು ಸೆಪ್ಟೆಂಬರ್ ದಿನಗಳಲ್ಲಿ ಅದರ ಮೆಟ್ಟಿಲ ಬದಿಯಲ್ಲಿ ಹಾವು ಹರಿದಂತೆ ನೆರಳು ಇಳಿಯುತ್ತದೆ. ಈಗ ಅದನ್ನು ಹತ್ತಲು ಯಾರನ್ನೂ ಬಿಡುವುದಿಲ್ಲ.

ಹಂಪಿಯಲ್ಲೂ ಕಾವಲು ಬೇಕೇ ಎಂದು ಕೇಳುತ್ತೀರಾ? ಅಲ್ಲಿ ಕೆಲವು ಯುವಕರು ಕಂಬವೊಂದನ್ನು ಮೋಜಿಗೆಂದು ತಳ್ಳಿ ಬೀಳಿಸಿದ ವಿಡಿಯೋ 2019ರಲ್ಲಿ ಊರೆಲ್ಲ ಹರಡಿತು. ನ್ಯಾಯಾಲಯ ದಂಡ ಹಾಕಿತು; ಕಂಬವನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸಲಾಯಿತು. ವಿಟ್ಠಲ ಗುಡಿಯ ಸಂಗೀತದ ಕಂಬಗಳನ್ನೂ ಈಗ ತಟ್ಟುವಂತಿಲ್ಲ. ಒಬ್ಬರು ಒಮ್ಮೆ ತಟ್ಟಿದರೆ ಏನೂ ಆಗದು. ಬಂದವರೆಲ್ಲ ತಟ್ಟಿದರೆ ಕಲ್ಲೂ ಸವೆಯುತ್ತದೆ.

1565ರ ಯುದ್ಧದ ನಂತರ ಆ ಊರನ್ನು ಸುಲಿದು ಸುಟ್ಟರು, ಜನ ಮನೆ ಬಿಟ್ಟು ಹೊರಟರು. ಮನೆ ಬಿಡುವುದು ಎಂದರೇನೆಂದು ನಿಮ್ಮ ಅಜ್ಜ ಅಜ್ಜಿಯನ್ನು ಕೇಳಿ. 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿದಾಗ ನಮ್ಮ ಹೊಳೆದಂಡೆಯಲ್ಲಿ ಮನೆ ಕಳೆದುಕೊಂಡವರನ್ನು ಅವರು ಬಲ್ಲರು. ಹಾಳುಬಿದ್ದ ಗೋಡೆಯೂ ಒಂದು ಕಾಲಕ್ಕೆ ಯಾರದೋ ಮನೆಯ ಗೋಡೆ. ಅದರ ಮೇಲೆ ಹೆಸರು ಗೀಚಬೇಡಿ.

ಇನ್ನೊಂದು ಮಾತು. ಮಾಯಾ ಜನ ಅಳಿದುಹೋಗಿಲ್ಲ; ತಮ್ಮ ಭಾಷೆಗಳನ್ನಾಡುತ್ತ ಇಂದಿಗೂ ಬದುಕಿದ್ದಾರೆ. ಹಂಪಿಯ ವಿರೂಪಾಕ್ಷನಿಗೆ ಇಂದಿಗೂ ಪೂಜೆಯಿದೆ. ಅರಸರ ಕಾಲದ ಕಾಲುವೆಯ ನೀರು ಇಂದಿಗೂ ಗದ್ದೆ ತೋಟಗಳಿಗೆ ಹರಿಯುತ್ತಿದೆ. ಹೋದಾಗ ಆ ಕಾಲುವೆಯನ್ನೂ ನೋಡಿಕೊಂಡು ಬನ್ನಿ.