ನಾಯಿಯ ಮೈಗೂದಲು

ಮನೆಯ ನಾಯಿಯ ಕೂದಲು ಬಾಚಿಸಲು ಅಂಗಡಿಗೆ ಕರೆದೊಯ್ಯಬೇಕಾಗಿದೆ, ಆದ್ದರಿಂದ ಈ ದಿನ ಕೊಂಚ ಬೇಗ ಹೊರಡುತ್ತೇನೆ ಎಂದು ಅಧ್ಯಾಪಕರ ಕೊಠಡಿಯಲ್ಲಿ ಹೇಳಿದೆ. ಅಲ್ಲಿದ್ದವರೆಲ್ಲ ನಕ್ಕರು. "ಕನ್ನಡ ಮೇಷ್ಟರಿಗೆ ಕೇಶಿರಾಜನ ಮೇಲಿದ್ದ ಅಕ್ಕರೆ ಈಗ ಬರಿಯ ಕೇಶದ ಮೇಲೆ ತಿರುಗಿದೆ" ಎಂದರು ಇತಿಹಾಸದ ಮಿತ್ರರೊಬ್ಬರು. ಮಾತು ಚೆನ್ನಾಗಿತ್ತು, ನಾನೂ ನಕ್ಕೆ. ಆದರೆ ಆ ನಗೆಯ ಹಿಂದೆ ಒಂದು ಅಭಿಪ್ರಾಯ ಅಡಗಿತ್ತು. ನಾಯಿಯ ಕೂದಲನ್ನು ನೋಡಿಕೊಳ್ಳುವುದೆಂದರೆ ಉಳ್ಳವರ ಶೋಕಿ, ಹೊತ್ತು ಹೋಗದವರ ಆಟ ಎಂಬುದೇ ಆ ಅಭಿಪ್ರಾಯ. ಎರಡು ಬೇಸಗೆಗಳ ಹಿಂದೆ ನನ್ನದೂ ಅದೇ ಆಗಿತ್ತು. ಅದನ್ನು ತಿದ್ದಿಕೊಂಡದ್ದಕ್ಕೆ ಬೆಲೆ ತೆತ್ತದ್ದು ಮಾತ್ರ ನಾನಲ್ಲ, ನಾಯಿ.

ಈ ವಿಷಯದಲ್ಲಿ ಮೊದಲ ತೊಡಕು ಮಾತಿನದೇ. ಇಂಗ್ಲಿಷಿನವರು ಗ್ರೂಮಿಂಗ್ ಎನ್ನುವ ಈ ಕೆಲಸಕ್ಕೆ ನಾವು ಏನೆನ್ನಬೇಕು? ಪೇಟೆಯ ಬೋರ್ಡುಗಳಲ್ಲಿ ಆ ಶಬ್ದವೇ ಕನ್ನಡ ಅಕ್ಷರಗಳನ್ನು ತೊಟ್ಟು ಕುಳಿತಿದೆ. ಕ್ಷೌರವೆಂದರೆ ಬರಿಯ ಕತ್ತರಿಸುವುದಾಯಿತು. ಅಲಂಕಾರವೆಂದರೆ ನಮ್ಮ ಮಿತ್ರರ ನಗೆಗೆ ನಾವೇ ಆಸ್ಪದ ಕೊಟ್ಟಂತಾಯಿತು. ಮಾಲೀಸು ಕುದುರೆಗೆ ಸಂದ ಮಾತು. ಆದರೆ ಶಬ್ದವಿಲ್ಲದಿದ್ದರೂ ಕೆಲಸವೇನೂ ನಮಗೆ ಹೊಸದಲ್ಲ. ರೈತನು ಎತ್ತುಗಳನ್ನು ಕೆರೆಗಿಳಿಸಿ, ಹುಲ್ಲಿನ ಹಿಡಿಯಿಂದ ಮೈ ಉಜ್ಜಿ, ಕಿವಿಯ ಬುಡದ ಉಣ್ಣೆಗಳನ್ನು ಕಿತ್ತು, ಕಾಲ್ಗೊರಸನ್ನು ನೋಡಿ ಮನೆಗೆ ಹೊಡೆದುಕೊಂಡು ಬರುವಾಗ ಅದನ್ನು ಯಾರೂ ಶೋಕಿ ಎನ್ನುವುದಿಲ್ಲ. ಕಾರಹುಣ್ಣಿಮೆಯ ದಿನ ಕೋಡಿಗೆ ಬಣ್ಣ ಬಳಿದು ಗೊಂಡೆ ಕಟ್ಟುತ್ತಾನಲ್ಲ, ಅದು ಸಿಂಗಾರ. ಮಿಕ್ಕ ದಿನಗಳದು ಆರೈಕೆ. ಒಂದು ನೋಡುವವರ ಕಣ್ಣಿಗೆ, ಇನ್ನೊಂದು ಪ್ರಾಣಿಯ ಮೈಗೆ. ನಾಯಿಯ ವಿಷಯಕ್ಕೆ ಬಂದಾಗ ಮಾತ್ರ ನಾವು ಇವೆರಡನ್ನೂ ಒಂದೇ ಎಂದು ತಿಳಿದಿದ್ದೇವೆ.

ನಮ್ಮ ನಾಯಿಯ ಹೆಸರು ಮಲ್ಲಿ. ಬಿಳಿಯ ತುಪ್ಪಳದ, ಚೂಪು ಮೂತಿಯ ಸ್ಪಿಟ್ಸ್. ನಮ್ಮ ಜನ ವಾಡಿಕೆಯಲ್ಲಿ ಪಾಮೇರಿಯನ್ ಎಂದು ಕರೆಯುವುದು ಹೆಚ್ಚಾಗಿ ಇದನ್ನೇ. ದಾವಣಗೆರೆಯ ಏಪ್ರಿಲ್ ತಿಂಗಳ ಬಿಸಿಲು ಎಂಥದೆಂದು ಆ ಸೀಮೆಯವರಿಗೆ ಹೇಳಬೇಕಾಗಿಲ್ಲ. ನಡುಮನೆಯ ನೆಲಕ್ಕೆ ಹೊಟ್ಟೆಯೊತ್ತಿ ಮಲಗಿ ನಾಲಗೆ ಚಾಚಿ ತೇಕುತ್ತಿದ್ದ ಮಲ್ಲಿಯನ್ನು ಕಂಡು ನಮ್ಮ ತಾಯಿ, "ಪಾಪ, ಈ ಸೆಖೆಯಲ್ಲಿ ಕಂಬಳಿ ಹೊದ್ದುಕೊಂಡ ಹಾಗಾಗಿದೆ ಅದಕ್ಕೆ. ಬೋಳಿಸಿಕೊಂಡು ಬಾರೋ" ಎಂದರು. ನನಗೂ ಅದು ಸರಿಯೆನಿಸಿತು. ಕುರಿಯ ಉಣ್ಣೆಯನ್ನು ವರ್ಷಕ್ಕೆ ಎರಡು ಸಲ ಕತ್ತರಿಸುವುದನ್ನು ಅವರು ತವರಿನಲ್ಲಿ ಕಂಡವರು. ನಾನೋ, ಯಾವುದನ್ನೂ ಕಾಣದೆ ಎಲ್ಲವನ್ನೂ ಓದಿದವನು.

ತಾಯಿಯನ್ನೂ ನಾಯಿಯನ್ನೂ ಕರೆದುಕೊಂಡು ಅಂಗಡಿಯೊಂದಕ್ಕೆ ಹೋದೆ. ಅಲ್ಲಿದ್ದವನು ಇಪ್ಪತ್ತೈದರ ತರುಣ. ಮಲ್ಲಿಯ ಬೆನ್ನಿನ ಕೂದಲನ್ನು ಎರಡು ಬೆರಳುಗಳಿಂದ ಬಿಡಿಸಿ, ಬುಡದವರೆಗೆ ನೋಡಿ, "ಬೋಳಿಸುವುದು ಬೇಡಿ ಸಾರ್, ಬಾಚಿ ಕೊಡುತ್ತೇನೆ" ಎಂದ. ನನ್ನ ತಾಯಿ ಕಂಬಳಿಯ ಮಾತನ್ನು ಮತ್ತೆ ಹೇಳಿದರು. ಅವನು ನಕ್ಕು, "ಅಜ್ಜೀ, ಚಳ್ಳಕೆರೆ ಕಡೆಯ ಕುರುಬರು ಬಿಸಿಲೆಂದು ಕಂಬಳಿ ಬಿಸಾಡುತ್ತಾರೆಯೇ? ತಲೆಯ ಮೇಲೆ ಕೊಪ್ಪೆ ಹಾಕಿಕೊಳ್ಳುತ್ತಾರಲ್ಲವೇ?" ಎಂದು ಕೇಳಿದ. ತಾಯಿ ಸುಮ್ಮನಾದರು. ನನಗೆ ಮಾತ್ರ ಒಳಗೇ ಸಿಟ್ಟು ಬಂತು. ಹಣ ಕೊಡುವವನು ನಾನು, ಕತ್ತರಿ ಹಿಡಿದವನು ನನಗೆ ಪಾಠ ಹೇಳುವುದೆ? ನಾಲ್ಕು ಅಂಗಡಿಗಳಾಚೆ ಇನ್ನೊಂದು ಬೋರ್ಡು ಕಂಡಿತು. ಅಲ್ಲಿ ಯಾರೂ ಪ್ರಶ್ನೆ ಕೇಳಲಿಲ್ಲ. ಅರ್ಧ ಗಂಟೆಯಲ್ಲಿ ಯಂತ್ರ ತಿರುಗಿ ಮಲ್ಲಿ ಬೋಳಾಯಿತು.

ಆಮೇಲೆ ನಡೆದುದನ್ನು ಚಿಕ್ಕದಾಗಿ ಹೇಳುತ್ತೇನೆ. ಮೂರನೆಯ ದಿನ ಬೆನ್ನಿನ ಮೇಲೆ ಚರ್ಮ ಕೆಂಪಾಯಿತು. ಅಂಗಳದ ಬಿಸಿಲಿಗೆ ಕಾಲಿಟ್ಟರೆ ಓಡಿಬಂದು ಮಂಚದ ಅಡಿ ಸೇರುತ್ತಿತ್ತು. ತೇಕುವುದೇನೂ ಕಡಮೆಯಾಗಲಿಲ್ಲ. ಮಳೆಗಾಲ ಕಳೆದು ಚಳಿಗಾಲ ಬಂದರೂ ಬೆನ್ನಿನ ಮೇಲೆ ಬಂದದ್ದು ಹತ್ತಿಯಂಥ ಮಾಸಲು ತುಪ್ಪಳ. ತೊಡೆಗಳ ಹಿಂದೆ ಅಂಗೈಯಗಲ ಬರಿಯ ಚರ್ಮ ಹಾಗೆಯೇ ಉಳಿಯಿತು. ಪಶುವೈದ್ಯರು ರಕ್ತಪರೀಕ್ಷೆ ಮಾಡಿಸಿ ಬೇರೆ ರೋಗವೇನಿಲ್ಲವೆಂದರು. ದಟ್ಟ ತುಪ್ಪಳದ ಸ್ಪಿಟ್ಸ್, ಹಸ್ಕಿ, ಚೌಚೌ ಮುಂತಾದ ಜಾತಿಗಳಲ್ಲಿ ಒಮ್ಮೆ ಬೋಳಿಸಿದ ಜಾಗದಲ್ಲಿ ಕೂದಲು ತಿಂಗಳುಗಟ್ಟಲೆ ಹುಟ್ಟದೆ ಹೋಗುವುದುಂಟಂತೆ. ಕೆಲವಕ್ಕೆ ಹಳೆಯ ಅಂದ ಮರಳುವುದೇ ಇಲ್ಲವಂತೆ.

ಇದು ಏಕೆ ಹೀಗೆ? ನಮ್ಮ ತಲೆಯಲ್ಲಿರುವುದು ಒಂದೇ ಬಗೆಯ ಕೂದಲು. ಅದನ್ನು ಕಂಡೇ ನಾವು ನಾಯಿಯದನ್ನೂ ಅಳೆಯುತ್ತೇವೆ. ಮಲ್ಲಿಯಂಥ ನಾಯಿಗೆ ಎರಡು ಪದರಗಳಿವೆ. ಹೊರಗಿನದು ಉದ್ದವಾದ, ನೆಟ್ಟಗಿನ, ತುಸು ಗಡುಸಾದ ಕೂದಲು: ಬಿಸಿಲನ್ನೂ ಮಳೆಯನ್ನೂ ಮುಳ್ಳನ್ನೂ ತಡೆಯುವುದು ಇದು. ಒಳಗಿನದು ಮೃದುವಾದ ಒತ್ತಾದ ತುಪ್ಪಳ: ಗಾಳಿಯನ್ನು ಹಿಡಿದಿಟ್ಟುಕೊಂಡು ಮೈಯ ಶಾಖವನ್ನು ಕಾಯುವುದು ಅದು. ಬೇಸಗೆ ಬರುವಾಗ ಒಳಪದರ ತಾನಾಗಿ ಕಳಚುತ್ತದೆ. ಕಳಚಿದ್ದು ಹೊರಗೂದಲಿನಲ್ಲಿ ಸಿಕ್ಕಿಕೊಂಡು ಉಳಿದರೆ ಗಾಳಿಯಾಡದೆ ಸೆಖೆಯಾಗುತ್ತದೆ. ಆಗ ಬೇಕಾದದ್ದು ಬಾಚಣಿಗೆ. ಬೋಳಿಸಿದರೆ ಎರಡೂ ಒಟ್ಟಿಗೆ ಹೋಗುತ್ತವೆ. ಬೇಗ ಬೆಳೆಯುವುದು ಒಳಗಿನದು, ನಿಧಾನವಾಗಿ ಬರುವುದು ಹೊರಗಿನದು. ಹುಲ್ಲಿನ ಮನೆಯ ಮಾಡನ್ನು ಕಿತ್ತೆಸೆದು ಒಳಗೆ ಹತ್ತಿ ಹರಡಿದಂತೆ. ಇಷ್ಟಕ್ಕೂ ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರಿ ತಣಿಯುವ ಪ್ರಾಣಿಯಲ್ಲ. ಅದು ಬೆವರುವುದು ಅಂಗಾಲಿನಲ್ಲಿ, ತಣಿಯುವುದು ತೇಕುವುದರಿಂದ. ಕೂದಲಿದ್ದ ಮಾತ್ರಕ್ಕೆ ನಡುಹಗಲಿನ ಬಿಸಿಲಿನಲ್ಲಿ ಬಿಡಬಹುದೆಂದೂ ಅರ್ಥವಲ್ಲ. ನೆರಳು, ನೀರು, ತಣ್ಣನೆಯ ನೆಲ ಬೇಕೇ ಬೇಕು.

ಹಾಗಾದರೆ ಯಾವ ನಾಯಿಗೂ ಕತ್ತರಿ ತಾಗಿಸಬಾರದೆ? ಇಲ್ಲಿಯೇ ಆ ತರುಣನ ವಿದ್ಯೆ ನನಗೆ ದೊಡ್ಡದಾಗಿ ಕಂಡದ್ದು. ತಪ್ಪೊಪ್ಪಿಕೊಂಡು ಮತ್ತೆ ಅವನ ಅಂಗಡಿಗೆ ಹೋದ ದಿನ ಅವನು ಒಂದು ಪೂಡಲ್ ನಾಯಿಯ ಕೂದಲನ್ನು ಕತ್ತರಿಸುತ್ತಿದ್ದ. ಇದಕ್ಕೆ ಹೇಗೆ ಕತ್ತರಿ ಹಾಕುತ್ತೀಯಪ್ಪಾ ಎಂದು ಕೇಳಿದೆ. "ಇದು ಕುರಿಯ ಜಾತಿ ಸಾರ್, ಕತ್ತರಿಸದಿದ್ದರೇ ಪಾಪ" ಎಂದ. ಪೂಡಲ್, ಶಿಟ್ಸು, ಲಾಸಾ ಆಪ್ಸೊಗಳ ಕೂದಲು ಬೆಳೆಯುತ್ತಲೇ ಹೋಗುತ್ತದೆ. ಉದುರುವುದು ಅಲ್ಪ, ಉದುರಿದ್ದೂ ಕೆಳಗೆ ಬೀಳದೆ ಗುಂಗುರುಗಳಲ್ಲೇ ಸಿಕ್ಕಿ, ಕಂಕುಳಲ್ಲಿ, ಕಿವಿಯ ಹಿಂದೆ, ಕೊರಳಪಟ್ಟಿಯ ಕೆಳಗೆ ಜಡೆಗಟ್ಟುತ್ತದೆ. ಆ ಗಂಟು ಹೆಜ್ಜೆಹೆಜ್ಜೆಗೂ ಚರ್ಮವನ್ನು ಎಳೆಯುತ್ತದೆ. ಒಳಗೆ ತೇವ ನಿಂತು ಹುಣ್ಣಾಗುತ್ತದೆ. ಹೊರಗಿನಿಂದ ನೋಡುವವರಿಗೆ ನಾಯಿ ಗುಂಡುಗುಂಡಾಗಿ ಮುದ್ದಾಗಿ ಕಾಣುತ್ತಿರುತ್ತದೆ! ಗಂಟನ್ನು ಬಿಡಿಸದೆ ಸ್ನಾನ ಮಾಡಿಸಿದರೆ ಅದು ಇನ್ನೂ ಬಿಗಿಯುತ್ತದೆ. ಮೊದಲು ಬಾಚಬೇಕು, ಆಮೇಲೆ ನೀರು, ಆಮೇಲೆ ಬುಡದವರೆಗೆ ಒಣಗಿಸಬೇಕು. ಪ್ರದರ್ಶನಗಳಲ್ಲಿ ಪೂಡಲ್‌ಗೆ ಎದೆಯ ಮೇಲೆ ಒಂದು ರಾಶಿ, ಕಾಲ್ಗಂಟುಗಳಲ್ಲಿ ಒಂದೊಂದು ಚೆಂಡು ಬಿಟ್ಟು ಮಿಕ್ಕದ್ದನ್ನು ಬೋಳಿಸುವುದನ್ನು ಕಂಡು ನಾನು ಹಿಂದೆ ಹುಬ್ಬು ಗಂಟಿಕ್ಕಿದ್ದುಂಟು. ಅದು ನೀರಿಗಿಳಿದು ಬೇಟೆಯ ಹಕ್ಕಿಯನ್ನು ಎತ್ತಿ ತರುತ್ತಿದ್ದ ನಾಯಿ. ಈಜಲು ಹಗುರವಾಗಲೆಂದು ಹಿಂಭಾಗವನ್ನು ಬೋಳಿಸಿ, ಎದೆಗೂ ಕೀಲುಗಳಿಗೂ ಚಳಿಯಾಗದಿರಲೆಂದು ಅಲ್ಲಿ ಕೂದಲನ್ನು ಉಳಿಸುತ್ತಿದ್ದರೆಂದು ಬಲ್ಲವರು ಹೇಳುತ್ತಾರೆ. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸಿನಲ್ಲಿ ಸೇನ್ ನದಿಯ ದಂಡೆಯ ಮೇಲೆ ನಾಯಿಗಳ ಕೂದಲು ಕತ್ತರಿಸುವುದೇ ಒಂದು ಕಸಬಾಗಿತ್ತು. ಆರೈಕೆಯಾಗಿ ಹುಟ್ಟಿದ್ದು ಕಾಲಕ್ರಮದಲ್ಲಿ ಸಿಂಗಾರವಾಯಿತು. ಸಾಹಿತ್ಯದಲ್ಲೂ ಹೀಗೆ ಆಗುವುದನ್ನು ನಾವು ಕಂಡಿಲ್ಲವೆ?

ಇನ್ನು ಒರಟುಗೂದಲಿನ ಟೆರಿಯರ್‌ಗಳಿವೆ. ಅವುಗಳ ಸತ್ತ ಕೂದಲನ್ನು ಕತ್ತರಿಸದೆ ಬೆರಳಿನಿಂದ ಕೀಳುತ್ತಾರೆ. ಯಂತ್ರ ಹಾಕಿದರೆ ಗಡುಸುತನ ಹೋಗಿ ಬಣ್ಣ ಮಂಕಾಗುತ್ತದೆ. ಹಂಗೆರಿಯ ಪುಲಿ, ಕೊಮೊಂಡೊರ್ ನಾಯಿಗಳ ಕೂದಲು ಹಗ್ಗದಂತೆ ಹೊಸೆದುಕೊಳ್ಳುತ್ತದೆ; ಅದನ್ನು ಬಾಚುವುದೇ ತಪ್ಪು, ಎಳೆಎಳೆಯಾಗಿ ಕೈಯಿಂದ ಬಿಡಿಸಿಡಬೇಕು. ಒಂದಕ್ಕೆ ಧರ್ಮವಾದದ್ದು ಇನ್ನೊಂದಕ್ಕೆ ಅಧರ್ಮ. 2009ರಲ್ಲಿ ಅಮೆರಿಕದ ವಿಜ್ಞಾನಿಗಳು ಎಂಬತ್ತು ಜಾತಿಗಳ ಸಾವಿರಕ್ಕೂ ಮಿಕ್ಕ ನಾಯಿಗಳನ್ನು ಪರೀಕ್ಷಿಸಿ, ಈ ವೈವಿಧ್ಯದ ಬಹುಭಾಗ ಮೂರೇ ಜೀನುಗಳಿಂದ ಬಂದದ್ದೆಂದು ತೋರಿಸಿದರು. ಒಂದು ಉದ್ದಕ್ಕೆ, ಒಂದು ಮೀಸೆ-ಹುಬ್ಬುಗಳಿಗೆ, ಒಂದು ಗುಂಗುರಿಗೆ. ಮೂರೂ ಮಾರ್ಪಡದೆ ಇದ್ದರೆ ಗಿಡ್ಡಗೂದಲು. ಮೂರು ಪ್ರತ್ಯಯಗಳಿಂದ ನೂರು ಶಬ್ದಗಳಾದ ಹಾಗೆ! ಇತಿಹಾಸದ ಮಿತ್ರರು ಹೇಳಿದ ಕೇಶಿರಾಜ ಇಲ್ಲಿಯೂ ಬೆನ್ನು ಬಿಡಲಿಲ್ಲವೆನ್ನಬೇಕು.

ಮೈಗೂದಲು ಆಯಾ ನಾಡಿನ ಹವೆಗೆ ತಕ್ಕಂತೆ ಒದಗಿದ್ದು. ಅಂಚೆ ಇಲಾಖೆ 2005ರಲ್ಲಿ ನಾಲ್ಕು ದೇಶೀ ನಾಯಿಗಳ ಅಂಚೆಚೀಟಿಗಳನ್ನು ಹೊರಡಿಸಿತು. ಅದರಲ್ಲಿ ಹಿಮಾಲಯದ ಕುರಿಕಾಯುವ ನಾಯಿಯೂ ಇದೆ, ನಮ್ಮ ಮುಧೋಳದ ಬೇಟೆನಾಯಿಯೂ ಇದೆ. ಒಂದು ತುಪ್ಪಳದ ಮೂಟೆ. ಇನ್ನೊಂದರ ಗಿಡ್ಡಗೂದಲಿನ ಕೆಳಗೆ ಪಕ್ಕೆಲುಬು ಎಣಿಸಬಹುದು. ಮುಧೋಳದ ನಾಯಿಗೆ ಒದ್ದೆಬಟ್ಟೆಯಿಂದ ಒರೆಸಿ, ವಾರಕ್ಕೊಮ್ಮೆ ರಬ್ಬರಿನ ಕೈಗವುಸಿನಿಂದ ಉಜ್ಜಿದರೆ ಸಾಕು. ಸೈಬೀರಿಯದ ಹಸ್ಕಿ ಚುಕ್ಚಿ ಜನರ ಹಿಮಬಂಡಿ ಎಳೆದ ನಾಯಿ. 1925ರಲ್ಲಿ ಅಲಾಸ್ಕದ ನೋಮ್ ಪಟ್ಟಣದಲ್ಲಿ ಗಂಟಲಮಾರಿ ಹಬ್ಬಿದಾಗ ಹಿಮನಾಯಿಗಳು ಸರದಿಯ ಮೇಲೆ ಸಾವಿರಕ್ಕೂ ಮಿಕ್ಕ ಕಿಲೋಮೀಟರ್ ದೂರ ಔಷಧವನ್ನು ಮುಟ್ಟಿಸಿದುವು. ಅಂಥ ನಾಯಿಯನ್ನು ತಂದು ಬಯಲುಸೀಮೆಯ ಮೂರನೆಯ ಮಹಡಿಯಲ್ಲಿ ಕಟ್ಟಿ, ಸೆಖೆಯೆಂದು ಬೋಳಿಸುವುದು ಯಾವ ಪ್ರೀತಿ? ಅದನ್ನು ತರದಿರುವುದೇ ಅದಕ್ಕೆ ಮಾಡುವ ಮೊದಲ ಆರೈಕೆಯೆಂದು ನನ್ನ ಖಚಿತವಾದ ಅಭಿಪ್ರಾಯ. ತಂದಾಗಿದೆಯೋ, ಆಗ ಅದರ ಮೈಯನ್ನು ಅರಿತುಕೊಳ್ಳುವ ಹೊಣೆ ತಂದವರದು.

ಮನುಷ್ಯರಿಗೇ ಇಲ್ಲದ ಉಪಚಾರ ನಾಯಿಗೇಕೆ ಎಂಬ ಆಕ್ಷೇಪಣೆ ಇದ್ದೇ ಇದೆ. ಬಣ್ಣ ಹಚ್ಚಿಸುವುದು, ಸುಗಂಧ ಪೂಸುವುದು, ಹುಟ್ಟುಹಬ್ಬಕ್ಕೆ ಅಂಗಿ ತೊಡಿಸುವುದು, ಇವುಗಳ ಪರವಾಗಿ ವಾದಿಸಲು ನಾನು ಸಿದ್ಧನಿಲ್ಲ. ನಾವು ಹಚ್ಚಿಕೊಳ್ಳುವ ಶಾಂಪೂವನ್ನೇ ಅದಕ್ಕೂ ಸುರಿಯುವುದು ಕೂಡ ಉಪಚಾರವಲ್ಲ. ನಾಯಿಯ ಮೇಲ್ಚರ್ಮ ನಮ್ಮದಕ್ಕಿಂತ ತೆಳು, ಅದರ ಆಮ್ಲಗುಣವೂ ಬೇರೆ. ಆದರೆ ನಾಯಿಯನ್ನು ಹೊಸ್ತಿಲಾಚೆ ಇಡುವುದೇ ನಮ್ಮ ಸಂಪ್ರದಾಯ ಎನ್ನುವವರು ಒಮ್ಮೆ ಆತಕೂರಿನ ಕಲ್ಲನ್ನು ನೆನೆಯಬೇಕು. ಶಕ 872, ಎಂದರೆ ಕ್ರಿ.ಶ. 949-50ರದು. ಗಂಗರ ಬೂತುಗನು ಮಣಲೇರನ ಶೌರ್ಯಕ್ಕೆ ಮೆಚ್ಚಿ ಬೇಡಿದ್ದನ್ನು ಕೊಡುತ್ತೇನೆಂದಾಗ ಆ ವೀರನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಕಾಳಿ ಹಂದಿಯೊಂದರ ಮೇಲೆ ಬಿದ್ದು ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಆ ಕಲ್ಲಿನ ಪೂಜೆಗೆ ಭೂಮಿಯನ್ನೂ ಬಿಟ್ಟರು. ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಹೆಸರಿನಿಂದ ಅದು ಕಪ್ಪು ನಾಯಿಯಾಗಿದ್ದಿರಬಹುದೆಂದು ಊಹಿಸುತ್ತೇನೆ. ಬೇಟೆಯಿಂದ ಬಂದ ಸಂಜೆಗಳಲ್ಲಿ ಅದರ ಮೈಯ ಮುಳ್ಳು ತೆಗೆದವನೂ ಒಬ್ಬನಿದ್ದಿರಬೇಕು. ಶಾಸನದಲ್ಲಿ ಅವನಿಗೆ ಹೆಸರಿಲ್ಲ.

ಆ ಕೈಗಳ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ನಮ್ಮ ತರುಣನ ತಂದೆ ಹಳ್ಳಿಯಲ್ಲಿ ಕ್ಷೌರ ಮಾಡುವವರು. ಮಗ ನಾಯಿಗಳ ಕ್ಷೌರಕ್ಕೆ ಇಳಿದನೆಂದು ನೆಂಟರು ಹಂಗಿಸಿದರಂತೆ; ಹೆಣ್ಣು ಕೊಡಲೂ ಹಿಂದೆಗೆದರಂತೆ. ಅವನು ಇದನ್ನು ನಗುತ್ತಲೇ ಹೇಳಿದ. ನನಗೆ ನಗಲಾಗಲಿಲ್ಲ, ಏಕೆಂದರೆ ಹಿಂದಿನ ಬೇಸಗೆಯಲ್ಲಿ ನಾನು ಅವನ ಮಾತನ್ನು ತಳ್ಳಿಹಾಕಿದ್ದೂ ಅದೇ ತಿರಸ್ಕಾರದಿಂದ. ಕತ್ತರಿ ಹಿಡಿದವನಿಗೆ ಕೈ ಮಾತ್ರ ಇದೆ, ತಿಳಿವಳಿಕೆ ಇರುವುದು ಪುಸ್ತಕ ಹಿಡಿದವನಿಗೆ ಎಂಬ ಭಾವನೆ ನಮ್ಮಂಥವರಲ್ಲಿ ಬಹಳ ಆಳದಲ್ಲಿದೆ. ಯಂತ್ರ ಕೊಂಡವರೆಲ್ಲ ಬೋರ್ಡು ಹಾಕುವ ಈ ದಿನಗಳಲ್ಲಿ, ಬಂದ ಗಿರಾಕಿಯನ್ನು ಕಳೆದುಕೊಂಡರೂ ಚಿಂತೆಯಿಲ್ಲ, ಬೋಳಿಸಲಾರೆ ಎಂದ ಆ ಹುಡುಗ ತನ್ನ ವಿದ್ಯೆಗೆ ತೋರಿದ ನಿಷ್ಠೆಯನ್ನು ನಾನು ನನ್ನ ತರಗತಿಯಲ್ಲಿ ಎಷ್ಟು ಸಲ ತೋರಿದ್ದೇನೆ?

ಅವನು ನನ್ನನ್ನು ದೂರಲಿಲ್ಲ. ಮಲ್ಲಿಯನ್ನು ಮೇಜಿನ ಮೇಲೆ ಮಲಗಿಸಿ, ಒಂದು ಕೈಯಿಂದ ಕೂದಲನ್ನು ಮೇಲೆತ್ತಿ ಹಿಡಿದು, ಬುಡದ ಚರ್ಮ ಗೆರೆಯಾಗಿ ಕಾಣುವಂತೆ ಮಾಡಿ, ಗೆರೆಯಿಂದ ಗೆರೆಗೆ ಹೇಗೆ ಬಾಚಬೇಕೆಂದು ತೋರಿಸಿಕೊಟ್ಟ. ಮೇಲೆಮೇಲೆ ಬಾಚಿದರೆ ಕನ್ನಡಿಗೆ ಬಾಚಿದಂತೆ, ನಾಯಿಗಲ್ಲ. ಹೀಗೆ ಬಾಚುವಾಗಲೇ ಉಣ್ಣೆ ಕಣ್ಣಿಗೆ ಬೀಳುವುದು. ಕುರಿಯ ತುಪ್ಪಳಕ್ಕೂ ರಕ್ತ ಹೀರುವ ಹುಳುವಿಗೂ ನಮ್ಮಲ್ಲಿ ಒಂದೇ ಶಬ್ದ. ಒಂದು ಸಂಸ್ಕೃತದ ಊರ್ಣದಿಂದ ಬಂದದ್ದು, ಇನ್ನೊಂದು ನಮ್ಮದೇ. ಒಂದರೊಳಗೆ ಇನ್ನೊಂದು ಅಡಗಿರುವುದನ್ನು ನಾನು ಕಂಡದ್ದು ಮಲ್ಲಿಯ ಕಿವಿಯ ಹಿಂದೆ. ಅದು ತರುವ ಜ್ವರ ನಾಯಿಯ ಪ್ರಾಣವನ್ನೇ ತೆಗೆಯಬಲ್ಲದು.

ಈಗ ಭಾನುವಾರ ಬೆಳಗ್ಗೆ ಹಿಂದಿನ ಜಗಲಿಯ ಮೇಲೆ ಈ ಕೆಲಸ ನಡೆಯುತ್ತದೆ. ಮುಕ್ಕಾಲು ಗಂಟೆ ಹಿಡಿಯುತ್ತದೆ. ತಾಯಿ ಪಕ್ಕದಲ್ಲಿ ಕುಳಿತು, ಬಂದ ತುಪ್ಪಳವನ್ನು ಬೆರಳುಗಳ ನಡುವೆ ಹೊಸೆದು ನೋಡಿ, "ನೂಲಿಗೆ ಬರುವುದಿಲ್ಲ" ಎಂದು ಪ್ರತಿ ಸಲವೂ ಹೇಳುತ್ತಾರೆ. ಬೆನ್ನಿನ ಮೇಲೆ ಹೊರಗೂದಲು ಬಹುಮಟ್ಟಿಗೆ ಮರಳಿದೆ. ಎಡತೊಡೆಯ ಹಿಂದೆ ಮಾತ್ರ ಎರಡು ಬೆರಳಗಲ ಇನ್ನೂ ಬರಿದಾಗಿಯೇ ಇದೆ. ಬಾಚಣಿಗೆ ಅಲ್ಲಿಗೆ ಬಂದಾಗ ಮಲ್ಲಿ ತಲೆಯೆತ್ತಿ ನನ್ನನ್ನು ನೋಡುತ್ತದೆ.