ಪ್ರವಾಸದ ಪಂಕ್ತಿ

ಶಿರಸಿಯ ಕಡೆಯಿಂದ ದೇವಿಮನೆಯ ಘಟ್ಟವನ್ನಿಳಿದು ಕತಗಾಲಕ್ಕೆ ಬರುವಷ್ಟರಲ್ಲಿ ಮಕ್ಕಳ ತಲೆಸುತ್ತು ಇಳಿದು ಹಸಿವು ಏರಿರುತ್ತದೆ. ಹಿಂದೆ ಇದಕ್ಕೆ ಬುತ್ತಿಯೇ ಪರಿಹಾರವಾಗಿತ್ತು. ಹಳ್ಳದ ದಂಡೆ, ಮರದ ನೆರಳು, ಬಾಳೆಲೆಯಲ್ಲಿ ಮೊಸರನ್ನ. ಬುತ್ತಿಯ ರುಚಿಯನ್ನು ಹೊಗಳುವ ಗಂಡಸರು ಇಂದಿಗೂ ಅನೇಕರುಂಟು. ಅದನ್ನು ಕಟ್ಟಲು ಬೆಳಗಿನ ಮೂರು ಗಂಟೆಗೆ ಎದ್ದವರಾರೆಂಬುದನ್ನು ಮಾತ್ರ ಅವರು ಹೇಳುವದಿಲ್ಲ.

ಹೋಟೆಲಿನ ಊಟವನ್ನು ದೂಷಿಸುವದು ನನ್ನ ವಯಸ್ಸಿನವರಿಗೊಂದು ವಿನೋದ. ಎಣ್ಣೆ ಹೆಚ್ಚು, ಸೋಡಾ ಹೆಚ್ಚು, ದರವಂತೂ ಕೇಳಬಾರದು. ಇದೆಲ್ಲ ನಿಜವೇ. ಆದರೆ ಕಳೆದ ಮಾರ್ಗಶಿರದಲ್ಲಿ ಸಕುಟುಂಬನಾಗಿ ಗೋಕರ್ಣಕ್ಕೆ ಹೊರಟವನು ಕತಗಾಲದ ಬಳಿಯ ಸಣ್ಣ ಹೋಟೆಲೊಂದರಲ್ಲಿ ಕಂಡುದನ್ನು ಇಲ್ಲಿ ಹೇಳಬೇಕಾಗಿದೆ. ಬನ್ಸು, ಭಾಜಿ ಬಂದವು. ನಮ್ಮ ಮನೆಯಾಕೆ ಎದ್ದು, ಮಾಣಿಯ ಕೈಯಿಂದ ತಟ್ಟೆಗಳನ್ನು ತೆಗೆದುಕೊಂಡು ಒಬ್ಬೊಬ್ಬರ ಮುಂದೆ ಇಡತೊಡಗಿದಳು. ಹುಡುಗನು ನಕ್ಕು, “ಅಮ್ಮಾ, ನೀವು ಕೂತ್ಕಳಿ. ಬಡ್ಸೂದು ನನ್ನ ಕೆಲ್ಸ. ನಿಮ್ದು ಆರಿಹೋಗ್ತದೆ” ಎಂದನು. ಆಕೆ ಕುಳಿತಳು. ಬನ್ಸನ್ನು ಮುರಿದಾಗ ಎದ್ದ ಹಬೆಯನ್ನು ನೋಡಿ, “ಬಿಸಿಯಾಗಿರುವಾಗಲೇ ತಿಂದು ಎಷ್ಟು ಕಾಲವಾಯಿತೋ!” ಎಂದಳು. ಸೊಸೆಯು ಮಾತನಾಡದೆ ಅತ್ತೆಗೆ ಇನ್ನೊಂದನ್ನು ತರಿಸಿದಳು.

ಗೃಹಿಣಿ ಎಲ್ಲರ ತರುವಾಯ ಉಣ್ಣುವದೇ ಶಾಸ್ತ್ರವೆನ್ನುವವರು ಶಾಸ್ತ್ರವನ್ನು ತೆರೆದು ನೋಡಬೇಕು. ಮನುಸ್ಮೃತಿಯ ಮೂರನೆಯ ಅಧ್ಯಾಯವು ನವವಿವಾಹಿತೆಯರಿಗೆ, ಕನ್ಯೆಯರಿಗೆ, ರೋಗಿಗಳಿಗೆ, ಗರ್ಭಿಣಿಯರಿಗೆ ಅತಿಥಿಗಳಿಗಿಂತಲೂ ಮೊದಲು, ಹಿಂದುಮುಂದು ನೋಡದೆ, ಉಣಬಡಿಸಬೇಕೆನ್ನುತ್ತದೆ. ಸೇವಕರೂ ಉಂಡಮೇಲೆ ಉಳಿದುದನ್ನು ದಂಪತಿಗಳು ಉಣ್ಣತಕ್ಕದ್ದೆಂದೂ ಅಲ್ಲಿಯೇ ಇದೆ. ಅಲ್ಲಿಯ ಕ್ರಿಯಾಪದವು ದ್ವಿವಚನ! ಅಂದರೆ ಯಜಮಾನನೂ ಕಾದಿರಬೇಕಾದವನೇ. (ಹೆಂಡತಿಯೊಡನೆ ಕುಳಿತು ಉಣ್ಣಬಾರದೆಂಬ ಮಾತು ಮುಂದಿನ ಅಧ್ಯಾಯದಲ್ಲಿ ಬರುತ್ತದೆ, ನಮ್ಮ ಮನೆಗಳು ಅದೊಂದನ್ನೇ ಬಹು ಶ್ರದ್ಧೆಯಿಂದ ಪಾಲಿಸಿದವು.)

ಹೋಟೆಲಿನ ಪಂಕ್ತಿಯೂ ತಾನಾಗಿ ಸಮವಾದುದಲ್ಲ. ಬ್ರಾಹ್ಮಣರಿಗೊಂದು ಕೋಣೆ, ಇತರರಿಗೊಂದು, ಮತ್ತೆ ಕೆಲವರಿಗೆ ಬಾಗಿಲ ಹೊರಗಣ ಜಗಲಿ, ಇಂತಹ ಏರ್ಪಾಡು ನಮ್ಮ ದೇಶದ ಎಷ್ಟೋ ಹೋಟೆಲುಗಳಲ್ಲಿತ್ತು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೆಯ ಅನುಚ್ಛೇದವು ಧರ್ಮ, ಜಾತಿ, ಲಿಂಗ ಮೊದಲಾದ ಕಾರಣಕ್ಕಾಗಿ ಯಾರನ್ನೂ ಸಾರ್ವಜನಿಕ ಉಪಾಹಾರಗೃಹಗಳಿಂದ ತಡೆಯಕೂಡದೆಂದು ವಿಧಿಸಿತು. ಅಸ್ಪೃಶ್ಯತೆಯ ನೆವದಿಂದ ತಡೆದವರಿಗೆ 1955ರ ಕಾಯಿದೆಯು ದಂಡನೆಯನ್ನು ಗೊತ್ತುಮಾಡಿತು. ಹಣ ಕೊಟ್ಟವರೆಲ್ಲ ಒಂದೇ ಮೇಜಿಗೆ ಕುಳಿತುಕೊಳ್ಳುವದು ಇಂದು ನಮಗೆ ಸಹಜವೆನಿಸಿದ್ದರೆ ಅದರ ಹಿಂದೆ ಇಷ್ಟು ಕಥೆಯುಂಟು. ಅಡುಗೆಯ ಮನೆಯೊಳಕ್ಕೆ ಮಾತ್ರ ಯಾವ ಕಾಯಿದೆಯೂ ಬರಲಾರದು. ಅಲ್ಲಿಯದನ್ನು ಮನೆಯವರೇ ಗೊತ್ತುಮಾಡಿಕೊಳ್ಳಬೇಕು.

ದೋಸೆಯ ದಿನ ಈ ತೊಡಕು ಹೆಚ್ಚು. ಕಾವಲಿ ಒಂದೇ, ಬಾಯಿ ಆರು. ಎರೆಯುವವಳ ಪಾಲಿಗೆ ಕಡೆಯದು, ಅದೂ ಹಿಟ್ಟು ಉಳಿದಿದ್ದರೆ. ನಮ್ಮಲ್ಲಿ ಈಗ ಮೊದಲಿನ ಎಂಟು ದೋಸೆಗಳು ಮಗನ ಪಾಲಿಗೆ, ಅಂದರೆ ಎರೆಯಲಿಕ್ಕೆ. ಅತ್ತೆಸೊಸೆಯರು ಮೊದಲು ಕುಳಿತುಕೊಳ್ಳುತ್ತಾರೆ. ಅವನ ಮೊದಲೆರಡು ಕಾವಲಿಗೆ ಹಿಡಿದು ಚೂರಾಗುತ್ತವೆ. ಆ ಚೂರುಗಳಿಗಾಗಿ ಮೊಮ್ಮಕ್ಕಳು ಜಗಳವಾಡುತ್ತಾರೆ.